ವ್ಯಾಲ್ಮೇ ಮಾರಿದ ಟೋಪಿಗಳು

ಕಡಲ ದಂಡೆಯ ನಮ್ಮೂರು ವಿನಮ್‌ನ ಹೆಂಗಸರು ಹಡಗಿನ ಪ್ರವಾಸಕ್ಕೆ ಹೊರಟರೆಂದರೆ ಟಿಕೆಟ್ಟು ಕೈಗೆ ಬಂದ ವಾರದಲ್ಲೇ ನಮ್ಮ ಅಂಗಡಿಗೆ ಬರುತ್ತಿದ್ದರು. ಬಂದವರು ಬಟ್ಟೆಯನ್ನು ನೋಡುತ್ತಿರಲಿಲ್ಲ, ವ್ಯಾಲ್ಮೇ ಪರ್ಸೆಲ್ ಎಲ್ಲಿದ್ದಾಳೆಂದು ನೋಡುತ್ತಿದ್ದರು. ಅವಳು ಬೇರೆಯವರ ಜೊತೆ ಮಾತಾಡುತ್ತಿದ್ದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಹಲ್ಲಿನ ಡಾಕ್ಟರ ಹತ್ತಿರ ಕಾಯುವ ಹಾಗಲ್ಲ, ಮದುವೆಗೆ ಅಲಂಕಾರ ಮಾಡಿಸಿಕೊಳ್ಳಲು ಕಾಯುವ ಹಾಗೆ.

ನಾನು ಹಿಂದಿನ ಕೋಣೆಯವಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಗಿ ಮಾಡುವುದು, ಗುಂಡಿ ಹಾಕುವುದು ನನ್ನ ಕೆಲಸ. ಅಂಗಡಿಗೂ ನನಗೂ ನಡುವೆ ಒಂದು ಪರದೆ. ಹದಿನೇಳು ವರ್ಷ ಆ ಪರದೆಯ ಹಿಂದೆ ಕೂತು ವ್ಯಾಲ್ಮೇಯ ಮಾತು ಕೇಳಿದ್ದೇನೆ. ಅವಳ ಮಾತು ನನಗೆ ಬಾಯಿಪಾಠ.

"ಲಿನನ್ ಬೇಡ ಚಿನ್ನ, ಒಂದು ಸಲ ಕೂತು ಎದ್ರೆ ಹಸು ಅಗಿದು ಉಗುಳಿದ ಹಾಗಾಗುತ್ತೆ. ಎರಡು ಪ್ಯಾಂಟು, ನಾಲ್ಕು ಶರ್ಟು ಸಾಕು. ಯಾವುದನ್ನ ಯಾವುದರ ಜೊತೆ ಹಾಕಿದ್ರೂ ಹೊಂದ್ಬೇಕು. ನೀಲಿ, ಬಿಳಿ, ಆಮೇಲೆ ಒಂದೇ ಒಂದು ಜೋರು ಬಣ್ಣ. ತುಂಬು ತೋಳಿನ ತೆಳ್ಳನೆ ಶರ್ಟು ಒಂದಿರ್ಲಿ. ಬಿಸಿಲಿಗೂ ಆಯ್ತು, ದ್ವೀಪದಲ್ಲಿ ಚರ್ಚಿಗೆ ಹೋದ್ರೆ ಅದಕ್ಕೂ ಆಯ್ತು. ಚಪ್ಪಲಿಗೆ ಹಿಂದೆ ಪಟ್ಟಿ ಇರ್ಲೇಬೇಕು, ಇಲ್ದಿದ್ರೆ ದೋಣಿಗೆ ಇಳಿಯುವಾಗ ಒಂದು ಕಾಲಿನದು ಸಮುದ್ರಕ್ಕೆ."

ಇದೆಲ್ಲ ಸರಿಯಾದ ಮಾತೇ. ಅವಳು ಹೇಳಿದಂತೆ ಪೆಟ್ಟಿಗೆ ಕಟ್ಟಿದವರು ಯಾರೂ ಪರದಾಡಲಿಲ್ಲ. ಕೊನೆಗೆ ಬರುತ್ತಿತ್ತು ಟೋಪಿ. ಅದನ್ನು ಅವಳು ಎಲ್ಲ ಆದ ಮೇಲೆಯೇ ತೆಗೆಯುತ್ತಿದ್ದಳು. ಎರಡೂ ಕೈಯಲ್ಲಿ ಹಿಡಿದು ತಂದು, ಹಿಂದಿನಿಂದ ತಲೆಯ ಮೇಲಿಟ್ಟು, ಮುಂದಿನ ಅಂಚನ್ನು ಬೆರಳಿನಷ್ಟು ಬಗ್ಗಿಸಿ, ಕನ್ನಡಿಯ ಕಡೆ ತಿರುಗಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸರು ಕೂಡ ಆ ಕ್ಷಣದಲ್ಲಿ ಗಲ್ಲ ಎತ್ತಿ ನಿಲ್ಲುವುದನ್ನು ನಾನು ಪರದೆಯ ಸಂದಿಯಿಂದ ನೋಡಿದ್ದೇನೆ.

"ನೀವು ತುಂಬಾ ಸಲ ಹೋಗಿರ್ಬೇಕು ಅಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಅಯ್ಯೋ, ಲೆಕ್ಕ ಯಾರಿಟ್ಟಿದ್ದಾರೆ," ಎನ್ನುತ್ತಿದ್ದಳು ವ್ಯಾಲ್ಮೇ.

ಅವಳು ಒಂದು ಸಲವೂ ಹೋಗಿರಲಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಮುಂದೆ ಹೇಳುತ್ತೇನೆ.

ಟೋಪಿಯ ವಿಷಯ ಇನ್ನೊಂದಿದೆ. ಕಾರ್ಖಾನೆಯಿಂದ ಬರುವ ಹುಲ್ಲಿನ ಟೋಪಿಗಳಿಗೆ ಒಳಗಡೆ ಒಂದು ತೆಳ್ಳನೆ ದಾರ ಹೊಲಿದಿರುತ್ತಿತ್ತು, ಗದ್ದದ ಕೆಳಗೆ ಕಟ್ಟಿಕೊಳ್ಳಲು. ವ್ಯಾಲ್ಮೇಗೆ ಅದನ್ನು ಕಂಡರಾಗದು. "ಕುದುರೆಗೆ ಕಡಿವಾಣ ಹಾಕಿದ ಹಾಗೆ ಕಾಣುತ್ತೆ. ಬಿಚ್ಚು," ಎನ್ನುತ್ತಿದ್ದಳು. ಪೆಟ್ಟಿಗೆ ಬಂದ ದಿನ ನಾನು ಸಣ್ಣ ಕತ್ತರಿ ಹಿಡಿದು ಒಂದೊಂದೇ ಟೋಪಿಯ ದಾರ ಕಿತ್ತು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಆಮೇಲೆ ಟೋಪಿಗಳು ಸೊಗಸಾಗಿಯೇ ಕಾಣುತ್ತಿದ್ದವು, ಸುಳ್ಳೇಕೆ ಹೇಳಲಿ. ಪ್ರವಾಸ ಮುಗಿಸಿ ಬಂದ ಕೆಲವರು, "ನಿನ್ನ ಟೋಪಿ ಗಾಳಿ ಪಾಲಾಯ್ತು ಕಣೇ ವ್ಯಾಲ್, ಇನ್ನೊಂದು ಕೊಡು," ಎಂದು ನಗುತ್ತಾ ಬರುತ್ತಿದ್ದರು. ಅವಳೂ ನಗುತ್ತಾ ಇನ್ನೊಂದು ಕೊಡುತ್ತಿದ್ದಳು. ಒಬ್ಬರಲ್ಲ, ಇಬ್ಬರಲ್ಲ. ನಾವು ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ.

ಗ್ವೆಂಡಾ ಸ್ಪ್ರೌಲ್ ಅಂಗಡಿಗೆ ಬಂದದ್ದು ವ್ಯಾಲ್ಮೇಯ ನಿವೃತ್ತಿಗೆ ಎರಡು ತಿಂಗಳು ಇರುವಾಗ. ಅವಳು ಶಾಲೆಯ ಕ್ಯಾಂಟೀನಿನಲ್ಲಿ ಇಡೀ ಜೀವಮಾನ ಸ್ಯಾಂಡ್‌ವಿಚ್ ಮಾಡಿದವಳು, ಅರುವತ್ತೆಂಟು ವಯಸ್ಸು, ಮಾತು ಕಡಿಮೆ. ಅವಳ ಎಡಗಿವಿಯ ಮೇಲ್ತುದಿ ಇರಲಿಲ್ಲ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಎಂದು ಎರಡು ಸಲ ಕೊಯ್ದು ತೆಗೆದಿದ್ದರು. ನಮ್ಮ ಕಡೆ ಅಂಥ ಗಾಯದ ಗುರುತು ಹಲವರ ಮೈಮೇಲಿದೆ. ಆದರೂ ಕಿವಿಯದು ಬೇರೆ, ಮುಚ್ಚಿಡಲು ಆಗುವುದಿಲ್ಲ. ಅವಳು ಕೂದಲನ್ನು ಆ ಕಡೆಗೆ ಎಳೆದು ಬಾಚುತ್ತಿದ್ದಳು.

ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಹನ್ನೊಂದು ಹೆಂಗಸರು ಸೇರಿ, ದ್ವೀಪದ ಊರು ನೂಮಿಯಾ ಕಡೆಗೆ ಹಡಗು ಗೊತ್ತು ಮಾಡಿದ್ದರು, ಗ್ವೆಂಡಾ ಅವರಲ್ಲಿ ಒಬ್ಬಳು. ಆ ದಿನ ನಾಲ್ಕೈದು ಜನ ಒಟ್ಟಿಗೇ ಬಂದಿದ್ದರು. ಗ್ವೆಂಡಾಳ ತಲೆಯ ಮೇಲೆ ಬೂದು ಬಣ್ಣದ ಹತ್ತಿಯ ಟೋಪಿ. ಕಿವಿಯ ಮೇಲೆ, ಕತ್ತಿನ ಹಿಂದೆ ಬಟ್ಟೆ ಇಳಿಬಿದ್ದದ್ದು, ಗದ್ದದ ಕೆಳಗೆ ದಾರ, ದಾರಕ್ಕೊಂದು ಮರದ ಮಣಿ. ವರ್ಷಾನುಗಟ್ಟಲೆ ಒಗೆದು ಒಗೆದು ಆಕಾರ ಕೆಟ್ಟಿತ್ತು.

"ನನಗೆ ಶರ್ಟು ಮಾತ್ರ ಸಾಕು ವ್ಯಾಲ್. ಟೋಪಿ ಇದೆ," ಎಂದಳು.

ವ್ಯಾಲ್ಮೇ ಸೊಂಟದ ಮೇಲೆ ಕೈಯಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಗ್ವೆಂಡಾ, ನೀನು ಹಡಗಲ್ಲಿ ಹೋಗ್ತಿದ್ದೀಯೋ, ಏಡಿ ಹಿಡಿಯೋಕೆ ಹೋಗ್ತಿದ್ದೀಯೋ?"

ಎಲ್ಲರೂ ನಕ್ಕರು. ಪರದೆಯ ಹಿಂದೆ ನಾನೂ ನಕ್ಕೆ.

"ಕಿವಿಗೆ ಬಿಸಿಲು ಬೀಳ್ಬಾರದು ಅಂದಿದ್ದಾರೆ ಡಾಕ್ಟ್ರು."

"ಬೀಳಲ್ಲ. ನನ್ನ ಟೋಪಿ ಅಂಚು ನೋಡು, ಛತ್ರಿ ಇದ್ದಂಗಿದೆ. ಒಂದು ಸಲ ಆದ್ರೂ ಹೆಂಗಸಿನ ಹಾಗೆ ಕಾಣು ಮಾರಾಯ್ತಿ. ಈ ಚಿಂದಿನ ಇಲ್ಲೇ ಬಿಟ್ಟು ಹೋಗು, ನಾನೇ ಕಸಕ್ಕೆ ಹಾಕ್ತೀನಿ."

ಮತ್ತೆ ನಗು. ಗ್ವೆಂಡಾಳ ಕತ್ತು ಕೆಂಪಾಯಿತು. ಅವಳು ಮಣಿಯನ್ನು ಸಡಿಲಿಸಿ ಟೋಪಿ ತೆಗೆದಳು. ವ್ಯಾಲ್ಮೇ ಕೆನೆ ಬಣ್ಣದ ಅಗಲ ಅಂಚಿನ ಟೋಪಿ ತಂದು, ಕಡುನೀಲಿ ರಿಬ್ಬನ್ನು ಸುತ್ತಿ, ಎಡಕ್ಕೆ ಸ್ವಲ್ಪ ವಾಲಿಸಿ ಇಟ್ಟಳು. ಕಿವಿ ಪೂರ್ತಿ ಮರೆಯಾಯಿತು. ಗ್ವೆಂಡಾ ಕನ್ನಡಿಯಲ್ಲಿ ತನ್ನನ್ನು ತಾನು ಬಹಳ ಹೊತ್ತು ನೋಡಿಕೊಂಡಳು. ನಿಜವಾಗಿಯೂ ಚೆನ್ನಾಗಿ ಕಾಣುತ್ತಿದ್ದಳು. ಹಳೆಯ ಟೋಪಿಯನ್ನು ವ್ಯಾಲ್ಮೇ ಎರಡು ಬೆರಳಲ್ಲಿ ಎತ್ತಿ ಬುಟ್ಟಿಗೆ ಹಾಕಿದಳು.

ನಿವೃತ್ತಿಯ ದಿನ ಕ್ಲಬ್ಬಿನವರು ಕೇಕ್ ತಂದರು. ಅವರ ಮುಂದಾಳು ಥೆಲ್ಮಾ ಡಗ್ಗನ್, ದೊಡ್ಡ ಗಂಟಲಿನವಳು, ಒಂದು ಲಕೋಟೆ ಕೊಟ್ಟಳು. ಒಳಗೆ ಅದೇ ಹಡಗಿನ ಟಿಕೆಟ್ಟು.

"ಇಪ್ಪತ್ನಾಲ್ಕು ವರ್ಷ ನಮ್ಮನ್ನ ಅಲಂಕರಿಸಿ ಕಳಿಸಿದ್ದೀಯ. ಈ ಸಲ ನೀನೇ ನಮ್ಮ ಕ್ಯಾಪ್ಟನ್. ರೋನಾನೂ ಬರ್ತಾಳೆ, ನಿನ್ನ ಕೋಣೆಗೆ ಜೊತೆ."

ರೋನಾ ಎಂದರೆ ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ವ್ಯಾಲ್ಮೇ ಬಿಳಿಚಿಕೊಂಡಳು. ಸಂತೋಷಕ್ಕೆ ಹಾಗಾಯಿತೆಂದು ನಾವು ತಿಳಿದೆವು.

ಮೇ ತಿಂಗಳ ಒಂದು ಶುಕ್ರವಾರ ನದಿಯ ಬಾಯಲ್ಲಿ ಹಡಗು ಹತ್ತಿದೆವು. ನಾವಿಬ್ಬರಲ್ಲದೆ ಕ್ಲಬ್ಬಿನ ಹನ್ನೊಂದು ಹೆಂಗಸರು, ಅವರ ಹನ್ನೊಂದು ಅಗಲ ಅಂಚಿನ ಟೋಪಿ, ಎಲ್ಲವೂ ವ್ಯಾಲ್ಮೇಯ ಆಯ್ಕೆ. ಸಾಲಿನಲ್ಲಿದ್ದ ಬೇರೆಯವರು ತಿರುಗಿ ತಿರುಗಿ ನೋಡುತ್ತಿದ್ದರು. ಥೆಲ್ಮಾಳ ನಡಿಗೆಯೇ ಬದಲಾಗಿತ್ತು. ಆದರೆ ನಮ್ಮ ಕ್ಯಾಪ್ಟನ್ ಎಲ್ಲಿ ಹೋದರೂ ಹಿಂದೆ ಉಳಿಯುತ್ತಿದ್ದಳು. ಲಿಫ್ಟಿನ ಮುಂದೆ ನಿಂತು ಬೇರೆಯವರು ಗುಂಡಿ ಒತ್ತುವುದನ್ನು ಕಾದಳು. ಅಪಾಯ ಬಂದರೆ ಏನು ಮಾಡಬೇಕೆಂಬ ಅಭ್ಯಾಸಕ್ಕೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಬೇಕೆಂದು ಕೂಗಿ ಹೇಳಿದಾಗ ಅವಳ ಮುಖ ನೋಡಬೇಕಿತ್ತು. "ಏನಾಯ್ತು? ಮುಳುಗ್ತಿದೆಯಾ?" ಎಂದು ನನ್ನ ತೋಳು ಹಿಡಿದಳು.

ಕೋಣೆಗೆ ಬಂದ ಮೇಲೆ ಕೇಳಿದೆ. "ವ್ಯಾಲ್, ನಿಜ ಹೇಳು. ಎಷ್ಟು ಸಲ ಬಂದಿದ್ದೀಯ?"

ಅವಳು ಮಂಚದ ತುದಿಯಲ್ಲಿ ಕೂತು ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಇದೇ ಮೊದಲು."

ಆಮೇಲೆ ಎಲ್ಲ ಹೇಳಿದಳು. ಅಂಗಡಿಗೆ ಸೇರಿದ ಮೊದಲ ವಾರ ಒಬ್ಬ ಡಾಕ್ಟರ ಹೆಂಡತಿ ಬಂದಿದ್ದಳಂತೆ. ವ್ಯಾಲ್ಮೇ ಏನೋ ಸಲಹೆ ಕೊಟ್ಟಾಗ, "ನೀನೇನು ಹಡಗು ಹತ್ತಿದೋಳ ಹಾಗೆ ಮಾತಾಡ್ತೀಯಲ್ಲ, ಹತ್ತಿದ್ದೀಯಾ?" ಎಂದಳಂತೆ. ಇಲ್ಲ ಎಂದದ್ದಕ್ಕೆ ಹೊರಟೇ ಹೋದಳಂತೆ. ಆಗ ವ್ಯಾಲ್ಮೇಗೆ ಮೂವತ್ತೆಂಟು. ಗಂಡ ಬಿಟ್ಟು ಹೋಗಿದ್ದ, ಕೆಲಸ ಬೇಕಿತ್ತು. ಮರುದಿನ ಇನ್ನೊಬ್ಬಳು ಅದೇ ಪ್ರಶ್ನೆ ಕೇಳಿದಾಗ ಹೂಂ ಎಂದುಬಿಟ್ಟಳು. ಆಮೇಲೆ ನಿಲ್ಲಿಸಲು ಆಗಲಿಲ್ಲ. ಗಿರಾಕಿಗಳು ಬಂದು ಹೇಳಿದ ಕಥೆಗಳನ್ನು ಕೂಡಿಸಿ ಕೂಡಿಸಿ ತನ್ನದೇ ಪ್ರವಾಸ ಮಾಡಿಕೊಂಡಳು. ಒಬ್ಬರ ನೂಮಿಯಾ, ಇನ್ನೊಬ್ಬರ ಬಿರುಗಾಳಿ, ಮತ್ತೊಬ್ಬರ ಕ್ಯಾಪ್ಟನ್ನಿನ ಊಟದ ಮೇಜು.

"ಒಂದೊಂದು ಸಲ ನನಗೇ ಅನ್ಸೋದು ರೋನಾ, ಹೋಗಿದ್ದೆ ಅಂತ."

"ಅವರಿಗೆ ಹೇಳ್ಬಿಡು. ನಗ್ತಾರೆ, ಆಮೇಲೆ ಮರೀತಾರೆ."

"ನಾಳೆ ಹೇಳ್ತೀನಿ," ಎಂದಳು.

ಮರುದಿನ ಬೆಳಿಗ್ಗೆ ಹಡಗು ತೆರೆದ ಸಮುದ್ರದಲ್ಲಿತ್ತು. ಥೆಲ್ಮಾ ಎಲ್ಲರನ್ನೂ ಮೇಲಿನ ಡೆಕ್ಕಿಗೆ ಕರೆದಳು, ಹನ್ನೊಂದು ಟೋಪಿಗಳ ಫೋಟೊ ತೆಗೆಸಬೇಕೆಂದು. ಒಳಗೆ ಗಾಳಿಯ ಸುಳಿವೇ ಇರಲಿಲ್ಲ. ಗಾಜಿನ ಬಾಗಿಲು ತೆರೆದು ಆಚೆ ಕಾಲಿಟ್ಟದ್ದೇ, ಯಾರೋ ಕೈಯಿಂದ ತಳ್ಳಿದಂತೆ ಬಂತು. ಮೊದಲು ಹೋದದ್ದು ಥೆಲ್ಮಾಳದು. ಅದು ಡೆಕ್ಕಿನ ಮೇಲೆ ಚಕ್ರದಂತೆ ಉರುಳಿಕೊಂಡು ಹೋಗಿ ಈಜುಕೊಳಕ್ಕೆ ಬಿತ್ತು. ಅದನ್ನು ಹಿಡಿಯಲು ಬಗ್ಗಿದ ಇಬ್ಬರ ಟೋಪಿಗಳೂ ಹಾರಿದವು. ಉಳಿದವರು ಎರಡೂ ಕೈಯಿಂದ ತಲೆ ಒತ್ತಿ ಹಿಡಿದುಕೊಂಡು, ಕಣ್ಣು ಕಾಣದೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಒರಗುಕುರ್ಚಿಗಳ ಮೇಲೆ ಮಲಗಿದ್ದವರು ಎದ್ದು ಕೂತು ನೋಡಿದರು. ಒಬ್ಬ ಮುದುಕ ಚಪ್ಪಾಳೆ ತಟ್ಟಿದ.

ಗ್ವೆಂಡಾ ಕಂಬಿಯ ಹತ್ತಿರ ನಿಂತಿದ್ದಳು. ಅವಳು ಟೋಪಿ ಹಿಡಿದುಕೊಂಡೇ ಇದ್ದಳು. ಫೋಟೊ ತೆಗೆಯುವವನು "ಕೈ ಇಳಿಸಿ" ಎಂದು ಸನ್ನೆ ಮಾಡಿದ. ಒಂದು ಕ್ಷಣ ಕೈ ಇಳಿಸಿದಳು, ಅಷ್ಟೇ. ಕೆನೆ ಬಣ್ಣದ ಟೋಪಿ ನೇರ ಮೇಲೇರಿ, ನೀಲಿ ರಿಬ್ಬನ್ನಿನ ಬಾಲ ಬಿಚ್ಚಿಕೊಂಡು, ಹಡಗಿನ ಹಿಂಭಾಗಕ್ಕೆ ತೇಲಿ, ಕೆಳಗೆ ನೀರಿಗಿಳಿಯಿತು. ಅವಳ ಕೂದಲೆಲ್ಲ ಹಿಂದಕ್ಕೆ ಹಾರಿ ಕಿವಿ ಬಯಲಾಯಿತು. ತಕ್ಷಣ ಅಂಗೈಯಿಂದ ಮುಚ್ಚಿಕೊಂಡಳು.

ಮಿಕ್ಕವರು ನಗುತ್ತಿದ್ದರು. ಗ್ವೆಂಡಾ ವ್ಯಾಲ್ಮೇಯ ಕಡೆ ನೋಡಿ, ಜಗಳದ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು:

"ನೀನು ಇಷ್ಟು ಸಲ ಬಂದಿದ್ದೀಯಲ್ಲ ವ್ಯಾಲ್, ಗಾಳಿ ಹೀಗಿರುತ್ತೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಅವಳ ಮೊಣಕೈ ಮುಟ್ಟಿದೆ. ವ್ಯಾಲ್ಮೇ ಬಾಯಿ ತೆರೆದಳು.

"ನಾನು ಬಂದಾಗೆಲ್ಲ ಹೀಗಿರ್ಲಿಲ್ಲ. ನೀನು ಅದನ್ನ ಸರಿಯಾಗಿ ಒತ್ತಿ ಹಾಕ್ಕೋಬೇಕಿತ್ತು ಗ್ವೆಂಡಾ. ಸಡಿಲ ಬಿಟ್ರೆ ಯಾವ ಟೋಪಿ ನಿಲ್ಲುತ್ತೆ ಹೇಳು."

ಗ್ವೆಂಡಾ ತಲೆಯಾಡಿಸಿದಳು. "ಹೌದು, ನನ್ನ ತಪ್ಪೇ ಇರ್ಬೇಕು," ಎಂದು ಒಳಗೆ ಹೋದಳು.

ಕೋಣೆಗೆ ಬಂದು ವ್ಯಾಲ್ಮೇ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡಳು. ನಲ್ಲಿ ತಿರುಗಿಸಿದ ಸದ್ದು ಬಂತು, ಅದರ ಹಿಂದೆ ಇನ್ನೊಂದು ಸದ್ದು. ಬಹಳ ಹೊತ್ತಾದ ಮೇಲೆ ಹೊರಗೆ ಬಂದು, "ಅವಳ ಮೇಲೇ ಹಾಕ್ಬಿಟ್ಟೆ ರೋನಾ. ಕಿವಿ ಮುಚ್ಕೊಂಡು ನಿಂತಿದ್ಲು, ಅವಳ ಮೇಲೇ ಹಾಕ್ಬಿಟ್ಟೆ," ಎಂದಳು. ನಾನು ಸಮಾಧಾನ ಹೇಳಬೇಕಿತ್ತು. ನನಗೆ ಕಾಣುತ್ತಿದ್ದದ್ದು ಕಸದ ಬುಟ್ಟಿಯಲ್ಲಿ ಬಿದ್ದಿದ್ದ ದಾರಗಳು. ಕತ್ತರಿ ಹಿಡಿದ ಕೈ ನನ್ನದಲ್ಲವೆ?

ಆ ಮಧ್ಯಾಹ್ನ ಕ್ಲಬ್ಬಿನವರು ಡೆಕ್ಕಿನಲ್ಲಿ ಗೂಟಕ್ಕೆ ಹಗ್ಗದ ಬಳೆ ಎಸೆಯುವ ಆಟ ಆಡಿದರು. ಗ್ವೆಂಡಾ ಆಟದಲ್ಲಿ ಎಲ್ಲರಿಗಿಂತ ಚುರುಕು, ಅವಳನ್ನು ಬಿಡಲಿಲ್ಲ. ಹಡಗಿನ ಅಂಗಡಿಯಲ್ಲಿ ಮುಂದೆ ಮಾತ್ರ ಅಂಚಿರುವ ಟೋಪಿಗಳಿದ್ದವು, ಕಿವಿಗೆ ನೆರಳಿಲ್ಲ. ಅವಳು ಹಡಗಿನ ಟವೆಲ್ಲನ್ನು ತಲೆಗೆ ಕಟ್ಟಿಕೊಂಡು ಆಡಿದಳು. ಟವೆಲ್ಲು ಪದೇ ಪದೇ ಬಿಚ್ಚಿಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಅವಳ ಕಿವಿ, ಕೆನ್ನೆ, ಕತ್ತಿನ ಎಡಭಾಗ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದ್ದವು. ಕಿವಿಯ ಮೇಲೆ ಗುಳ್ಳೆ ಎದ್ದಿತ್ತು.

ನೂಮಿಯಾ ತಲುಪಿದ್ದು ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ವ್ಯಾಲ್ಮೇ ಒಬ್ಬಳೇ ಹಡಗಿಳಿದು ಬೀದಿ ಬೀದಿ ಸುತ್ತಿ, ಬಾಗಿಲು ತೆರೆದ ಒಂದು ಟೋಪಿ ಅಂಗಡಿ ಸಿಗುತ್ತದೇನೋ ಎಂದು ಹುಡುಕಿ, ಕೊನೆಗೆ ತೆರೆದಿದ್ದ ಒಂದೇ ಒಂದು ಔಷಧದ ಅಂಗಡಿಯಿಂದ ಸುಟ್ಟ ಚರ್ಮಕ್ಕೆ ಹಚ್ಚುವ ಮುಲಾಮು ತಂದಳು. ಗ್ವೆಂಡಾಳ ಕೋಣೆಗೆ ಕೊಡಲು ಹೋಗಿ, ಬಾಗಿಲು ತಟ್ಟಲಾರದೆ ಹಿಡಿಕೆಗೆ ಚೀಲ ನೇತುಹಾಕಿ ಬಂದಳು.

ಸೋಮವಾರ ಲಿಫೂ ದ್ವೀಪ. ಅಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ, ದೋಣಿಯಲ್ಲಿ ಇಳಿಸುತ್ತಾರೆ. ದಡದಲ್ಲಿ ಊರಿನ ಹೆಂಗಸರು ಹೂವಿನ ಉದ್ದ ನಿಲುವಂಗಿ ತೊಟ್ಟು, ಮರದ ನೆರಳಲ್ಲಿ ಚಾಪೆ ಹಾಸಿ ಕೂತಿದ್ದರು. ಎಳನೀರು, ಬಾಳೆಹಣ್ಣು, ಕೇದಗೆ ಎಲೆಯಿಂದ ಹೆಣೆದ ಚೀಲ, ಟೋಪಿ. ಮದ್‌ಲೆನ್ ಎಂಬ ದಪ್ಪ ಹೆಂಗಸೊಬ್ಬಳು ಹೆಣೆಯುತ್ತಾ ಕೂತಿದ್ದಳು. ವ್ಯಾಲ್ಮೇ ಅವಳ ಮುಂದೆ ಮೊಣಕಾಲೂರಿ ಒಂದು ಟೋಪಿ ಎತ್ತಿಕೊಂಡಳು. ಅಂಗಡಿಯವಳ ಕೈ, ಅಂಚನ್ನು ಮುಟ್ಟಿ ನೋಡಿತು, ಹೆಣಿಗೆಯನ್ನು ಬಿಸಿಲಿಗೆ ಹಿಡಿದು ನೋಡಿತು. ಒಂದು ಚುಕ್ಕಿ ಬೆಳಕೂ ತೂರಿ ಬರಲಿಲ್ಲ. ಒಳಗೆ ಎರಡು ಕಡೆ ನಾರಿನ ದಾರ ಇತ್ತು.

ಮದ್‌ಲೆನ್‌ಗೆ ನಮ್ಮ ಮಾತು ಅಷ್ಟಾಗಿ ಬಾರದು. ವ್ಯಾಲ್ಮೇಯ ತಲೆಯ ಮೇಲಿದ್ದ ಟೋಪಿಯನ್ನು, ಅದನ್ನು ಒತ್ತಿ ಹಿಡಿದಿದ್ದ ಕೈಯನ್ನು ನೋಡಿ ನಕ್ಕಳು. ತನ್ನ ಗದ್ದದ ಕೆಳಗೆ ಬೆರಳಿಟ್ಟು, "ದಾರ ಇಲ್ಲ? ಯಾರು ಮಾರಿದ್ದು ನಿನಗೆ?" ಎಂದಳು.

"ನಾನೇ," ಎಂದಳು ವ್ಯಾಲ್ಮೇ.

ಮದ್‌ಲೆನ್‌ಗೆ ಅರ್ಥವಾಗಲಿಲ್ಲ. ಪಕ್ಕದವಳಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರೂ ಮತ್ತೆ ನಕ್ಕರು. ಕೆಟ್ಟ ನಗುವಲ್ಲ ಅದು. ಆದರೂ ವ್ಯಾಲ್ಮೇಯ ಮುಖ ಕಿವಿಯವರೆಗೂ ಕೆಂಪೇರಿತು.

ಗ್ವೆಂಡಾ ಸ್ವಲ್ಪ ದೂರ, ಚರ್ಚಿನ ಗೋಡೆಯ ನೆರಳಲ್ಲಿ ಕೂತಿದ್ದಳು. ವ್ಯಾಲ್ಮೇ ಟೋಪಿ ತೆಗೆದುಕೊಂಡು ಹೋಗಿ ಎದುರಿಗೆ ಹಿಡಿದಳು. "ಇದನ್ನ ಹಾಕ್ಕೋ ಗ್ವೆಂಡಾ. ಇದು ಹಾರಲ್ಲ."

ಗ್ವೆಂಡಾ ಟೋಪಿಯನ್ನು ನೋಡಿದಳು, ಮುಟ್ಟಲಿಲ್ಲ. "ನೀನು ಆರಿಸಿದ್ದು ಇನ್ನು ಬೇಡ ವ್ಯಾಲ್. ನನಗೆ ಬೇಕಾದ್ದು ನಾನೇ ನೋಡ್ಕೊಳ್ತೀನಿ." ಎದ್ದು ಹೋಗಿ, ಅದೇ ಮದ್‌ಲೆನ್ ಹತ್ತಿರ ಬೇರೊಂದು ಟೋಪಿ ಕೊಂಡು, ದಾರ ಬಿಗಿಯಾಗಿ ಕಟ್ಟಿಕೊಂಡು ದೋಣಿಯ ಸಾಲಿಗೆ ನಿಂತಳು.

ವಾಪಸು ಬರುವ ಮೊದಲ ದಿನ, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಂದೇ ಉದ್ದ ಮೇಜಿಗೆ ಕೂತಿದ್ದೆವು. ಥೆಲ್ಮಾ ಎದ್ದು, ಲೋಟ ಎತ್ತಿ, "ನಮ್ಮ ಕ್ಯಾಪ್ಟನ್ನಿಗೆ" ಎನ್ನಲು ಬಾಯಿ ತೆರೆದಳು. ವ್ಯಾಲ್ಮೇ ಎದ್ದು ನಿಂತಳು.

"ಕೂತ್ಕೋ ಥೆಲ್ಮಾ. ನಾನು ಒಂದು ಮಾತು ಹೇಳ್ಬೇಕು. ನಾನು ಇದಕ್ಕೆ ಮೊದಲು ಹಡಗು ಹತ್ತೇ ಇಲ್ಲ. ಒಂದು ಸಲಾನೂ ಇಲ್ಲ. ನಿಮಗೆ ಹೇಳಿದ್ದೆಲ್ಲ ಸುಳ್ಳು. ಟೋಪಿಗಳಿಗೆ ದಾರ ಇತ್ತು, ಅದನ್ನ ಕೀಳಿಸಿದ್ದು ನಾನೇ, ಚೆನ್ನಾಗಿ ಕಾಣಲ್ಲ ಅಂತ. ಗಾಳಿಗೆ ಹೋಯ್ತು ಅಂತ ಎಷ್ಟೋ ಜನ ಬಂದು ಹೇಳಿದ್ರು. ಕೇಳಿಸ್ಕೊಂಡಿದ್ರೆ ನಾನು ಹೋಗಿಲ್ಲ ಅನ್ನೋದು ಹೊರಗೆ ಬೀಳ್ತಿತ್ತು. ಅದಕ್ಕೇ ಕೇಳಿಸ್ಕೊಳ್ಳಲಿಲ್ಲ. ಗ್ವೆಂಡಾ ತಪ್ಪು ಏನೂ ಇಲ್ಲ. ಶನಿವಾರ ನಾನು ಹೇಳಿದ್ದು ಹಸಿ ಸುಳ್ಳು."

ಥೆಲ್ಮಾ ಮೇಜು ಕುಟ್ಟಿದಳು. "ಇಪ್ಪತ್ನಾಲ್ಕು ವರ್ಷ! ನಮಗೆಲ್ಲ ಸರಿಯಾಗಿ ಟೋಪಿ ಹಾಕಿದ್ಲು ಕಣ್ರೇ ಇವಳು!"

ನಗುವೋ ನಗು. ಒಬ್ಬಳು ಕೆಮ್ಮಿ ನೀರು ಕುಡಿದಳು. ಅವರು ಕ್ಷಮಿಸಿದರು ಎಂದೇ ಹೇಳಬೇಕು. ವ್ಯಾಲ್ಮೇ ಆ ನಗುವಿನ ನಡುವೆ ನಿಂತೇ ಇದ್ದಳು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

ಗ್ವೆಂಡಾ ನಗಲಿಲ್ಲ. ನಗು ಅಡಗಿದ ಮೇಲೆ ಮೆಲ್ಲಗೆ ಹೇಳಿದಳು. "ನೀನು ಹಡಗಲ್ಲಿ ಹೋಗಿದ್ಯೋ ಇಲ್ವೋ, ನನಗೆ ಅದು ಬೇಕಿಲ್ಲ ವ್ಯಾಲ್. ಟೋಪಿ ಹೋಗಿದ್ದೂ ದೊಡ್ಡದಲ್ಲ. ನನ್ನ ಕಿವಿ ವಿಷಯ ನಿನಗೆ ಗೊತ್ತಿತ್ತು. ನಾನು ಬಾಯಿಬಿಟ್ಟು ಹೇಳಿದೆ. ಆದ್ರೂ ಎಲ್ಲರ ಮುಂದೆ ನನ್ನನ್ನ ನಗೆಪಾಟಲು ಮಾಡಿದೆ. ನಾನೂ ನಾಚ್ಕೊಂಡು ಟೋಪಿ ತೆಗೆದುಕೊಟ್ಟೆ ನೋಡು, ಅದು ನನಗೆ ಉರೀತಾ ಇರೋದು. ಈ ವಯಸ್ಸಲ್ಲಿ."

ಅಂದು ಅಂಗಡಿಯಲ್ಲಿ ನಕ್ಕವರೆಲ್ಲ ಆ ಮೇಜಿನಲ್ಲೇ ಇದ್ದೆವು. ಎಲ್ಲರೂ ತಟ್ಟೆ ನೋಡುತ್ತಾ ಕೂತೆವು.

ಊರಿಗೆ ಬಂದ ವಾರವೇ ವ್ಯಾಲ್ಮೇ ಅಂಗಡಿಯ ಯಜಮಾನಿಯ ಹತ್ತಿರ ಹೋಗಿ, ತಾನು ಮಾರಿದ ಟೋಪಿಗಳಿಗೆಲ್ಲ ದಾರ ಹೊಲಿದು ಕೊಡುತ್ತೇನೆ, ಗಾಜಿನ ಮೇಲೆ ಒಂದು ಚೀಟಿ ಅಂಟಿಸಲು ಬಿಡಿ ಎಂದು ಕೇಳಿದಳು. ಯಜಮಾನಿ ಒಪ್ಪಲಿಲ್ಲ. "ನಮ್ಮ ಮಾಲು ಸರಿಯಿಲ್ಲ ಅಂತ ನಾವೇ ಬೋರ್ಡು ಹಾಕ್ಕೊಳ್ಳೋದಾ? ನಿವೃತ್ತಿ ಆಗಿದ್ದೀಯ, ಮನೇಲಿ ಆರಾಮಾಗಿರು," ಎಂದಳು. ವ್ಯಾಲ್ಮೇ ಮನೆಯಲ್ಲಿರಲಿಲ್ಲ. ಭಾನುವಾರ ಕಡಲ ದಂಡೆಯಲ್ಲಿ ಸಂತೆ ಸೇರುತ್ತದೆ. ಅಲ್ಲಿ ಜಾಮ್ ಮಾರುವವಳ ಪಕ್ಕದಲ್ಲಿ ಮಡಿಸುವ ಮೇಜು ಹಾಕಿ, ಸೂಜಿ, ನೂಲು, ಬಣ್ಣಬಣ್ಣದ ಲಾಡಿ ಇಟ್ಟುಕೊಂಡು ಕೂತಳು. ನಾನೂ ಕೂತೆ. ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: "ನಾನು ಮಾರಿದ ಟೋಪಿ ತನ್ನಿ, ದಾರ ಹಾಕಿಕೊಡುತ್ತೇನೆ. ಹಣ ಬೇಡ. ವ್ಯಾಲ್ಮೇ ಪರ್ಸೆಲ್."

ಮೊದಲ ವಾರ ಮೂವರು ಬಂದರು. ಆಮೇಲೆ ಸುದ್ದಿ ಹಬ್ಬಿತು. ಅಕ್ಕಪಕ್ಕದ ಕ್ಲೀವ್‌ಲೆಂಡಿನಿಂದ, ಲೋಟಾದಿಂದ ಬಂದರು. ಹನ್ನೆರಡು ವರ್ಷದ ಹಿಂದಿನ ಟೋಪಿ ತಂದವರಿದ್ದರು. ಬಂದವರು ಟೋಪಿ ಕೊಟ್ಟು ಸುಮ್ಮನಿರುತ್ತಿರಲಿಲ್ಲ.

"ನೀನು ಹಡಗೇ ಹತ್ತಿರ್ಲಿಲ್ವಂತೆ, ನಿಜವಾ?"

"ನಿಜ. ಸುಳ್ಳು ಹೇಳಿದ್ದೆ."

"ಮತ್ತೆ ಆ ಬಿರುಗಾಳಿ? ಪಿಯಾನೋ ಜಾರಿಕೊಂಡು ಹೋಯ್ತು ಅಂದಿದ್ದೆ?"

"ಅದು ಡಲ್ಸೀ ಬ್ರಾಕ್‌ಮನ್ ಹೇಳಿದ್ದು. ನನ್ನದು ಅಂತ ಹೇಳ್ಕೊಂಡೆ."

ಪ್ರತಿ ಸಲವೂ ಅವಳ ಮುಖ ಕೆಂಪಾಗುತ್ತಿತ್ತು, ಸೂಜಿ ಹಿಡಿದ ಬೆರಳು ನಿಲ್ಲುತ್ತಿತ್ತು. ಆದರೂ ಪ್ರತಿ ಸಲ ಹೇಳಿದಳು. ಒಮ್ಮೆ ಒಬ್ಬಳು ಟೋಪಿಯನ್ನು ಮೇಜಿನ ಮೇಲೆ ಎಸೆದು, "ದಾರ ಯಾಕೆ, ಇದನ್ನೇ ಇಟ್ಕೋ. ನಿನ್ನ ಮಾತು ನಂಬಿ ನನ್ನ ತಂಗಿಗೂ ಕೊಡಿಸಿದ್ದೆ," ಎಂದು ಹೊರಟುಹೋದಳು. ವ್ಯಾಲ್ಮೇ ಅದಕ್ಕೂ ದಾರ ಹೊಲಿದು, ವಿಳಾಸ ಕೇಳಿ ತಿಳಿದು, ಅವಳ ಬಾಗಿಲಿಗೆ ಇಟ್ಟು ಬಂದಳು. ನಮ್ಮ ಕಡೆ ಆಗಸ್ಟಿಗೆ ಚಳಿಗಾಲ ಮುಗಿಯುತ್ತದೆ, ಅಲ್ಲಿಯವರೆಗೂ ಒಂದು ಭಾನುವಾರವೂ ತಪ್ಪಿಸಲಿಲ್ಲ. ಗ್ವೆಂಡಾ ಆ ಕಡೆ ಬರಲಿಲ್ಲ. ಎದುರು ಸಿಕ್ಕರೆ ತಲೆಯಾಡಿಸುತ್ತಿದ್ದಳು, ಅಷ್ಟೇ.

ಸೆಪ್ಟೆಂಬರಿನಲ್ಲಿ ಗ್ವೆಂಡಾಳ ಕೆನ್ನೆಯ ಮೇಲೆ, ಕಿವಿಗೆ ಹತ್ತಿರ, ಒಂದು ಕಲೆ ಕಾಣಿಸಿತು. ತೆಗೆಯಬೇಕೆಂದರು. ಒಂದು ಮಧ್ಯಾಹ್ನದ ಬಿಸಿಲಿಗೆ ಹೀಗಾಗುವುದಿಲ್ಲ, ಇದು ಚಿಕ್ಕಂದಿನಿಂದ ಕೂಡಿಬಂದ ಬಿಸಿಲು ಎಂದು ಡಾಕ್ಟರು ಹೇಳಿದ್ದಾಗಿ ಥೆಲ್ಮಾ ಬಂದು ತಿಳಿಸಿದಳು. ವ್ಯಾಲ್ಮೇ ತಲೆಯಾಡಿಸಿದಳು. ಅವಳು ನಂಬಲಿಲ್ಲವೆಂದು ನನಗೆ ಗೊತ್ತಾಯಿತು. ಕೊಯ್ದ ಮೇಲೆ ಗ್ವೆಂಡಾ ಕಾರು ಓಡಿಸುವಂತಿರಲಿಲ್ಲ, ಕರೆದುಕೊಂಡು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ವ್ಯಾಲ್ಮೇ ಫೋನು ಮಾಡಿದಳು. ಗ್ವೆಂಡಾ, "ಎಂಟೂವರೆಗೆ ಬಾ. ಮಾತಾಡೋದು ಬೇಡ," ಎಂದಳಂತೆ.

ಆಮೇಲೆ ವ್ಯಾಲ್ಮೇಯೇ ನನಗೆ ಹೇಳಿದ್ದು ಇದು. ಕಾಯುವ ಕೋಣೆಯಲ್ಲಿ ನರ್ಸು ಬಂದು, ಜೊತೆಗೆ ಬಂದವರು ಯಾರು, ಅಕ್ಕನೋ ತಂಗಿಯೋ ಎಂದು ಕೇಳಿದಳು. ಗ್ವೆಂಡಾ, "ಗೊತ್ತಿರೋರು," ಎಂದಳು. ವ್ಯಾಲ್ಮೇ ಎರಡು ಗಂಟೆ ಕೂತಿದ್ದಳು. ವಾಪಸು ಬರುವಾಗ ಗ್ವೆಂಡಾಳ ಕೆನ್ನೆಗೆ ದಪ್ಪ ಪಟ್ಟಿ, ಕಣ್ಣು ಅರೆಮುಚ್ಚಿತ್ತು. ಅವಳ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ, ಇಷ್ಟು ದಿನ ನೂರಾರು ಜನರ ಎದುರು ಹೇಳಿದ ತಪ್ಪೊಪ್ಪಿಗೆಯ ಮಾತು ವ್ಯಾಲ್ಮೇಯ ಬಾಯಿಗೆ ಬರಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ ಕೂತಳು.

ಗ್ವೆಂಡಾ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಳು. ಇಳಿಯಲಿಲ್ಲ.

"ಮುಂದಿನ ಗುರುವಾರ ಹೊಲಿಗೆ ಬಿಚ್ಚಿಸ್ಬೇಕು," ಎಂದಳು. "ಇದೇ ಹೊತ್ತಿಗೆ ಬರ್ತೀಯಾ?"

"ಬರ್ತೀನಿ," ಎಂದಳು ವ್ಯಾಲ್ಮೇ.